ನೂರರಲ್ಲಿ ತಪ್ಪಿದ ತೊಗರಿ

ಕಾಳು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆಮನೆಗೆ ಹೋದರೂ ಮೊರ ಎಳೆದುಕೊಂಡು ಹಸನು ಮಾಡುತ್ತ ಕೂಡುವವಳು ನಾನು. ಇದೊಂದು ಗುಣವೆಂದೇ ನಂಬಿದ್ದೆ. ರೋಗವೆಂದು ತಿಳಿದದ್ದು ಬಾಗಲಕೋಟೆಯ ಒಂದು ರಕ್ತ ತಪಾಸಣೆಯ ಕೋಣೆಯಲ್ಲಿ.

ಎಂಬತ್ತರ ದಶಕದ ಆರಂಭದ ಮಾತು. ಹುನಗುಂದದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನಮ್ಮನೆಯವರು ಬೇಸಿಗೆ ರಜೆಯಲ್ಲಿ ಹಗೇವಿಗೆ, ಅಂದರೆ ನೆಲದೊಳಗಿನ ಜೋಳದ ಕಣಜಕ್ಕೆ, ತಾವೇ ಇಳಿದರು. "ಆಳು ಬರೂತನಕಾ ತಡೀರಿ" ಎಂದರೆ ಕೇಳಬೇಕಲ್ಲ! ತಳದ ಜೋಳಕ್ಕೆಲ್ಲ ಬೂಸರು ಹಿಡಿದಿತ್ತು. ಮೇಲೆ ಬಂದಾಗ ಇವರ ಮೀಸೆಯೂ ಹಸಿರಾಗಿತ್ತು. ಹದಿನೈದು ದಿನಕ್ಕೆ ಕೆಮ್ಮು, ಸಂಜೆಯಾದರೆ ಜ್ವರ. ಓಣಿಯವರು ಟೀಬಿ ಎಂದು ತೀರ್ಪು ಕೊಟ್ಟರು. ಅತ್ತೆಯವರು ಮಗನ ತಾಟನ್ನು ಪಡಸಾಲೆಗೆ ಹಾಕಿದರು. ಬಾಗಲಕೋಟೆಯ ಡಾಕ್ಟರರು, "ರಕ್ತದಾಗಿನ ಬಿಳಿಕಣ ಎಣಿಸಿ ನೋಡೂಣ್ರಿ. ಟೀಬಿ ಅಂತ ಆದ್ರ ಆರು ತಿಂಗಳು ಹೊರಗಿನ ದವಾಖಾನಿಗೆ ಕಳಸಬೇಕಾಗ್ತೈತಿ" ಎಂದರು. ಆರು ತಿಂಗಳು!

ರಕ್ತ ನೋಡುವವನು ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಅಂಟಿಸಿಕೊಂಡು, ಜೋಳ, ಹೆಸರುಕಾಳು, ತೊಗರಿಯ ಮೂರು ಡಬ್ಬಿಗಳಿಂದ ಒಂದೊಂದೇ ಕಾಳು ತೆಗೆದು ತಾಟಿಗೆ ಹಾಕುತ್ತಿದ್ದ. ಮುಗಿದ ಮೇಲೆ ಕೈ ತೊಳೆಯಲು ಹೊರಗೆ ಹೋದ. ತಾಟು ನೋಡಿದೆ. ಜೋಳದಲ್ಲಿ ಹೆಸರು ಬೆರಕೆ, ತೊಗರಿ ಬೆರಕೆ! ಇವನ ಹೆಂಡತಿ ಇನ್ನೆಂಥವಳಿರಬೇಕು ಎಂದುಕೊಂಡು ತೊಗರಿಯನ್ನೆಲ್ಲ ಹೆಕ್ಕಿ ಅದರ ಡಬ್ಬಿಗೆ ಹಾಕಿದೆ. ಹೆಸರಿಗೆ ಕೈ ಹಚ್ಚುವಷ್ಟರಲ್ಲಿ ಅವನು ಬಂದ.

ಕಾಳು ಎಣಿಸಿ ತಲೆ ಕೆರೆದುಕೊಂಡ. "ನೂರು ಕಣಕ್ಕ ನೂರು ಕಾಳು ಇರಬೇಕಿತ್ತು. ಎಂಬತ್ತೊಂದ ಅದಾವ. ತೊಗರಿ ಅಂತೂ ಒಂದೂ ಇಲ್ಲ! ಅಕ್ಕಾರ, ಬಾಯಾಗ ಹಾಕ್ಕೊಂಡ್ರೇನ್ರಿ?"

ತೊಗರಿಯ ಡಬ್ಬಿಯನ್ನು ಅವನ ಮುಂದೆ ಸರಿಸಿದೆ. "ತಿಂದಿಲ್ಲಪಾ... ಹಸನು ಮಾಡೇನಿ."

"ಅಯ್ಯ ಯವ್ವಾ! ಒಂದೊಂದು ಕಾಳು ಒಂದೊಂದು ಬಗಿ ಬಿಳಿಕಣದ ಲೆಕ್ಕರೀ ಅದು!"

ಬೆಂಚಿನ ಮೇಲೆ ಕೆಮ್ಮುತ್ತಿದ್ದ ನಮ್ಮನೆಯವರು ಕಣ್ಣು ತೆರೆಯದೆಯೇ ಅಂದರು: "ನೂರರಾಗ ಎಂಬತ್ತೊಂದು ಹೋದ್ರ ಹತ್ತೊಂಬತ್ತು. ತೊಗರಿ ಹತ್ತೊಂಬತ್ತು, ಬರಕೋ ತಮ್ಮಾ."

ಅವನು ಒಪ್ಪಲಿಲ್ಲ. ನನ್ನನ್ನು ಹೊರಗೆ ಕೂಡಿಸಿ ಮೊದಲಿನಿಂದ ಎಣಿಸಿದ. ಅಷ್ಟೇ ಬಂತು. ಡಾಕ್ಟರರು ಹುಬ್ಬೇರಿಸಿದರು. "ಇಷ್ಟು ಇರಬಾರದಿತ್ತು. ತೊಗರಿ ಇಟ್ಟು ಎಣಿಸಿದ ಈ ಕಣ ಬೂಸರಿಗೂ ಹೆಚ್ಚಾಗ್ತಾವ, ಹುಳಕ್ಕೂ ಹೆಚ್ಚಾಗ್ತಾವ. ಎಲ್ಲೆರೆ ಧೂಳಿನ್ಯಾಗ ಇಳದಿದ್ರೇನ್ರಿ ಮಾಸ್ತರ?" ಹಗೇವಿನ ಕತೆ, ಆ ಜೋಳವನ್ನು ನಾನು ಹಸನು ಮಾಡಿದ್ದು, ಎಲ್ಲ ಹೊರಬಿತ್ತು. ಕಫ ನೋಡಿದಾಗ ಅದರಲ್ಲಿ ಟೀಬಿಯ ಕ್ರಿಮಿ ಇರಲಿಲ್ಲ, ಬೂಸರಿನ ಎಳೆಗಳಿದ್ದವು. "ಟೀಬಿ ಅಲ್ರಿ. ಎಲ್ಲಿಗೂ ಹೋಗೂದು ಬ್ಯಾಡ, ಮನ್ಯಾಗ ಔಷಧ ತಗೋರಿ" ಎಂದಾಗ ನಾನು ಅಲ್ಲಿಯೇ ಅತ್ತುಬಿಟ್ಟೆ.

ಡಾಕ್ಟರರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಅದ ಜೋಳ ಹಸನು ಮಾಡಿದವರು ನೀವು. ನಿಮ್ಮ ರಕ್ತಾನೂ ನೋಡೂಣ್ರಿ" ಎಂದರು. ನನ್ನ ತಾಟಿನಲ್ಲಿ ಇವರಿಗಿಂತ ಹೆಚ್ಚು ತೊಗರಿ! "ನನಗೂ ಬೂಸರೇನ್ರಿ?" ಎಂದು ಕೇಳಿದೆ. ಅವರು ಮತ್ತೇನೇನೋ ತಪಾಸಣೆ ಮಾಡಿ ನಕ್ಕರು: "ಇಲ್ರೀ. ಹೊಟ್ಟ್ಯಾಗ ಜಂತುಹುಳ ಅದಾವ."

ಊರಿಗೆ ಬಂದವಳೇ "ಟೀಬಿ ಅಲ್ಲಂತ, ಬರೇ ಬೂಸರಂತ!" ಎಂದು ಓಣಿಗೆಲ್ಲ ಸಾರಿದೆ. ಎದುರುಮನೆಯ ಗಂಗವ್ವ, "ನಿಮ್ಮದೂ ರಕ್ತ ನೋಡಿದ್ರಂತಲ್ರಿ ವೈನೀ, ಏನು ಬಂತು?" ಎಂದು ಕೇಳಿದಳು.

"ನಂದಾ? ಭಾಳ ಗಟ್ಟಿ ರಕ್ತ ಅಂದ್ರು" ಎಂದೆ.

ಆಗ ನಮ್ಮನೆಯವರಿಗೆ ಕೆಮ್ಮು ಬಂತು. ಅದು ಬೂಸರಿನ ಕೆಮ್ಮಲ್ಲ.