ರಾಜರ ತಕರಾರು ನನ್ನ ಬಾಗಿಲಿಗೆ

ರಾಜರು ಸತ್ತು ಎಂಟುನೂರು ವರ್ಷವಾದರೂ ಅವರ ತಕರಾರು ನನ್ನ ಬಾಗಿಲಿಗೆ ಬರುವುದು ನಿಂತಿಲ್ಲ. ಎಂಬತ್ತು-ತೊಂಬತ್ತರ ದಶಕಗಳಲ್ಲಿ ಚಿಕ್ಕೋಡಿಯಲ್ಲಿ ಮಾಸ್ತರಿಕೆ ಮಾಡುತ್ತ, ವರ್ಷಕ್ಕೆ ಮೂರರಂತೆ ಐತಿಹಾಸಿಕ ಕಾದಂಬರಿ ಬರೆದವನು ನಾನು. ಆ ವೇಗದಲ್ಲಿ ಬರೆದರೆ ಕತ್ತಿ ಯಾರ ಕೈಯಲ್ಲಿತ್ತು, ಕುತ್ತಿಗೆ ಯಾರದಿತ್ತು ಎಂಬುದೇ ಮರೆತುಹೋಗುತ್ತದೆ.

ಸೇನಾಪತಿಯ ತಮ್ಮ

ಒಂದು ಕಾದಂಬರಿಯ ಹನ್ನೆರಡನೆಯ ಅಧ್ಯಾಯದಲ್ಲಿ ಸೇನಾಪತಿಯನ್ನು ಕೊಂದು, ಗಂಧದ ಕಟ್ಟಿಗೆಯಲ್ಲಿ ಸುಟ್ಟಿದ್ದೆ. ಇಪ್ಪತ್ತನೆಯದರಲ್ಲಿ ಅದೇ ಸೇನಾಪತಿ ಕುದುರೆ ಏರಿ ಕೋಟೆ ಗೆದ್ದುಬಿಟ್ಟ. ನನಗೂ ಗೊತ್ತಾಗಲಿಲ್ಲ, ಪ್ರಕಾಶಕರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ನಿಪ್ಪಾಣಿಯ ಒಬ್ಬ ತಂಬಾಕು ವ್ಯಾಪಾರಿಗೆ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಮಾಸ್ತರ, ಸುಟ್ಟು ಬೂದಿ ಆದಾಂವ ಎದ್ದು ಹೆಂಗ ಬಂದ್ನರಿ?"

ಸುತ್ತ ನಾಲ್ಕು ಜನ ಕೂಡಿದ್ದರು. ಮಾನದ ಪ್ರಶ್ನೆ. "ಅಂವ ಅಲ್ರಿ, ಅವನ ತಮ್ಮ," ಅಂದೆ.

"ಹೆಸರು ಅದ ಐತಲ್ರಿ?"

"ಇಬ್ಬರಿಗೂ ಅಜ್ಜನ ಹೆಸರು ಇಟ್ಟಿದ್ರು."

ಅವರು ಗಂಭೀರವಾಗಿ ತಲೆಯಾಡಿಸಿದರು. "ಇರ್ಲಿ ಬಿಡ್ರಿ. ಆದ್ರ ಆ ತಮ್ಮ ಗೆದ್ದು ಬಂದ ಕೂಡ್ಲೆ ಅತ್ತಿಗಿ ಆರತಿ ಮಾಡಿ 'ಪತಿದೇವಾ' ಅಂತಾಳಲ್ರಿ, ಅದ್ಯಾಕ?"

ನನ್ನ ಬಸ್ಸು ಇನ್ನೂ ಬಂದಿರಲಿಲ್ಲ. ನಿಂತಿದ್ದ ಯಾವುದೋ ಬಸ್ಸು ಹತ್ತಿಬಿಟ್ಟೆ.

ರಾಣಿ ಉಳಿದಳೇ?

ಐಗಳಿಯ ರೈತರೊಬ್ಬರು ಒಂದು ಬುಟ್ಟಿ ದ್ರಾಕ್ಷಿ ಹಿಡಿದು ಬಂದರು. ದಿನಾಲೂ ತಾಯಿಗೆ ನನ್ನ ಕಾದಂಬರಿ ಓದಿ ಹೇಳುತ್ತಿದ್ದರಂತೆ. ವಾಚನಾಲಯದ ಪ್ರತಿಯಲ್ಲಿ ಕೊನೆಯ ಪುಟಗಳೇ ಇರಲಿಲ್ಲ.

"ಅವ್ವ ಊಟಾ ಬಿಟ್ಟು ಕುಂತಾಳ್ರಿ. ರಾಣಿ ಉಳದ್ಳೋ ಸತ್ಲೋ, ಅಷ್ಟು ಹೇಳ್ರಿ."

ಯಾವ ರಾಣಿ ಎಂದೇ ನನಗೆ ನೆನಪಾಗಲಿಲ್ಲ. ದ್ರಾಕ್ಷಿ ನೋಡಿದೆ. "ಉಳದ್ಳರಿ. ಮೊಮ್ಮಕ್ಕಳನ್ನ ಆಡಿಸಿ ಸುಖದಿಂದ ಬಾಳಿದ್ಳು," ಅಂದೆ. ಅವರು ಕೈಮುಗಿದು ಹೋದ ಮೇಲೆ ಪುಸ್ತಕ ತೆಗೆದು ನೋಡಿದರೆ, ರಾಣಿ ಉರಿಯುವ ಅರಮನೆಯಲ್ಲಿ ಸಿಕ್ಕು ಸತ್ತಿದ್ದಳು!

ವಾರದ ಮೇಲೆ ಮಗನನ್ನು ಕರೆದುಕೊಂಡು ಆ ತಾಯಿಯೇ ಬಂದಳು. ಅಥಣಿಯಿಂದ ಇಡೀ ಪ್ರತಿ ತರಿಸಿ ಓದಿಸಿದ್ದಳು.

"ತಮ್ಮಾ, ನೀ ಬಾಯಿಲೆ ಹೇಳಿದ್ದು ಖರೇನೋ, ಕೈಲೆ ಬರದದ್ದು ಖರೇನೋ?"

ಆ ಮುಖ ನೋಡಿ ಇನ್ನೇನು ಹೇಳಲಿ? "ಬಾಯಿಲೆ ಹೇಳಿದ್ದವ್ವಾ."

"ಹಂಗಾರ ತಿದ್ದು," ಎಂದು ಪುಸ್ತಕ ಮುಂದಿಟ್ಟು ಕೂತೇಬಿಟ್ಟಳು.

ಪೆನ್ನು ತೆಗೆದು ಕೊನೆಯ ಸಾಲು ಹೊಡೆದುಹಾಕಿ, "ಅಷ್ಟರಲ್ಲಿ ಭಾರಿ ಮಳೆ ಬಂದು ಬೆಂಕಿ ಆರಿತು" ಎಂದು ಬರೆದು ಸಹಿ ಮಾಡಿಕೊಟ್ಟೆ. ಮಗ ಓದಿ ಹೇಳಿದ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡು, ಮನಸ್ಸು ಮಾಡಿದ್ರ ಛಲೋ ಬರೀತಿ!"

ಹಾಲಿನ ಲೋಟ

ಸಂಭಾಷಣೆಯನ್ನು ಜೋರಾಗಿ ಹೇಳಿಕೊಂಡೇ ಬರೆಯುವುದು ನನ್ನ ರೂಢಿ. ಪಕ್ಕದ ಮನೆಗೆ ಹೊಸದಾಗಿ ಒಬ್ಬ ಹವಾಲ್ದಾರರು ಬಾಡಿಗೆಗೆ ಬಂದಿದ್ದರು. ನಡುವೆ ಒಂದೇ ಗೋಡೆ. ಒಂದು ರವಿವಾರ ಮುಂಜಾನೆ ದುಷ್ಟ ಮಂತ್ರಿಯ ಮಾತು ಬರೆಯುತ್ತಿದ್ದೆ: "ಹಾಲಿನಲ್ಲಿ ವಿಷ ಬೆರೆಸು! ಅವಳು ಬದುಕಿರುವವರೆಗೆ ನನಗೆ ಸುಖವಿಲ್ಲ! ಹೆಣವನ್ನು ಹೊಳೆಗೆ ಎಸೆದರಾಯಿತು!"

ಅಡಿಗೆಮನೆಯಲ್ಲಿ ಧಡ್ ಎಂದು ಸಪ್ಪಳವಾಯಿತು. ಓಡಿ ಹೋದೆ. ಹವಾಲ್ದಾರರ ಹೆಂಡತಿ ಹಿತ್ತಲ ಬಾಗಿಲಿನಿಂದ ನುಗ್ಗಿ, ನನ್ನಾಕೆಯ ಕೈಯೊಳಗಿನ ಹಾಲಿನ ಲೋಟ ಕಿತ್ತೆಸೆದಿದ್ದಳು.

"ಅಕ್ಕಾರ, ಕುಡೀಬ್ಯಾಡ್ರಿ! ವಿಷ ಹಾಕ್ಯಾರ! ನನ್ನ ಕಿವೀಲೆ ಕೇಳೇನಿ!"

ಹಿಂದೆಯೇ ಬರೀ ಬನಿಯನ್ನಿನಲ್ಲಿ, ಲಾಠಿ ಹಿಡಿದ ಹವಾಲ್ದಾರರು. "ಕೈಯಾಗಿಂದು ಕೆಳಗ ಇಡ್ರಿ!" ಎಂದು ಗರ್ಜಿಸಿದರು. ಪೆನ್ನು ಕೆಳಗಿಟ್ಟೆ.

ನನ್ನಾಕೆ ನನ್ನನ್ನು ನೋಡಿದಳು, ಚೆಲ್ಲಿದ ಹಾಲು ನೋಡಿದಳು, ನಿಟ್ಟುಸಿರು ಬಿಟ್ಟಳು.

"ಹವಾಲ್ದಾರ್ರ, ಲಾಠಿ ಇಳಸ್ರಿ. ಲಗ್ನ ಆಗಿ ಹದಿನೆಂಟು ವರ್ಷ ಆತು, ಇವರಿಗೆ ಹಾಲಿನ ಬೋಗಾಣಿ ಎಲ್ಲೈತಿ ಅನ್ನೂದ ಗೊತ್ತಿಲ್ಲ. ನನಗ ವಿಷ ಹಾಕೂದಿದ್ರೂ, 'ಏನ, ಇದನ್ನ ಸ್ವಲ್ಪ ಹಾಲಾಗ ಕಲಸಿ ಕೊಡ' ಅಂತ ನನ್ನನ್ನ ಕರೀತಾರ!"