ಹೆಸರಿಲ್ಲದ ಅರವಟ್ಟಿಗೆ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ. ನನ್ನ ಎರಡು ಕೈಗಳೂ ಸಭ್ಯವಾದವು. ಒಂದರ ಸಮಾಚಾರ ಇನ್ನೊಂದಕ್ಕೆ ಬೇಕಿಲ್ಲ. ತೊಂದರೆಯೆಲ್ಲ ಬಾಯಿಯದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ಲಷ್ಕರ್ ಮೊಹಲ್ಲಾದಲ್ಲಿ ಸೇವೆ ಮಾಡದವರೇ ಇರಲಿಲ್ಲ, ಬೋರ್ಡು ಹಾಕದೆ ಮಾಡಿದವರೂ ಇರಲಿಲ್ಲ. ಬೀದಿಗೆ ಕಲ್ಲುಬೆಂಚು ಕೊಟ್ಟ ಜವಳಿ ವ್ಯಾಪಾರಿಯೊಬ್ಬರು ಒರಗುವ ಕಡೆಯೇ ತಮ್ಮ ವಂಶಾವಳಿ ಕೆತ್ತಿಸಿದ್ದರು. ಒರಗಿ ಎದ್ದವರ ಬೆನ್ನಿನ ಮೇಲೆ ವ್ಯಾಪಾರಿಯ ತಾತನ ಹೆಸರು ಮೂಡುತ್ತಿತ್ತು. ಇದನ್ನೆಲ್ಲ ನೋಡಿ ರೋಸಿಹೋಗಿ, ಆ ಬೇಸಿಗೆ ಹೆಸರಿಲ್ಲದ ಅರವಟ್ಟಿಗೆಯೊಂದನ್ನು ಇಡಲು ನಿಶ್ಚಯಿಸಿದೆ. ಹಳ್ಳಿಯಿಂದ ನಡೆದು ಬರುವವರಿಗೆ ಒಂದು ಹರವಿ ಮಜ್ಜಿಗೆ, ಅಷ್ಟೆ. ನಿಸ್ವಾರ್ಥವಾಗಿ ಒಂದಾದರೂ ಕೆಲಸ ನನ್ನಿಂದ ಆಗುತ್ತದೋ ಇಲ್ಲವೋ ನೋಡಿಯೇಬಿಡೋಣ ಎನ್ನಿಸಿತ್ತು.

"ಯಾರಿಗೂ ಹೇಳಕೂಡದು" ಎಂದು ಹೆಂಡತಿ ಸೀತಮ್ಮನಿಗೆ ಕಟ್ಟಪ್ಪಣೆ ಮಾಡಿದೆ. "ಮೊಸರು ಕಡೆಯೋದು ನಾನು, ನೀರು ಸೇದೋದು ನಾನು. ಗುಟ್ಟು ಮಾತ್ರ ನಿಮ್ದಾ?" ಎಂದಳು. ಹೆಂಗಸರಿಗೆ ತತ್ತ್ವ ತಿಳಿಯದು ಎಂದುಕೊಂಡೆ. ಕುಡಿಯುವವರು ಹೆಚ್ಚಿದಷ್ಟೂ ಪುಣ್ಯ ಹೆಚ್ಚಲ್ಲವೆ? ಇನ್ನೂ ಒಂದೆರಡು ಬಿಂದಿಗೆ ನೀರು ಸೇರಿಸು ಎಂದೂ ಹೇಳಿದೆ.

ನೆರಳಿದ್ದದ್ದು ಎದುರುಮನೆ ಪುಟ್ಟಸ್ವಾಮಯ್ಯನವರ ಜಗಲಿಯ ಮುಂದೆ, ಹೊಂಗೆ ಮರದ ಕೆಳಗೆ. ಹರವಿಯನ್ನು ಅಲ್ಲಿಟ್ಟದ್ದೇ ತಪ್ಪಾಯಿತು. ಕುಡಿದವರೆಲ್ಲ ಅವರ ಮನೆಯತ್ತ ಕೈಮುಗಿದರು. ಮೊದಮೊದಲು ಆ ಮನುಷ್ಯ ಕಕ್ಕಾಬಿಕ್ಕಿಯಾದರು. ಆಮೇಲೆ ಹಣೆಗೆ ವಿಭೂತಿ ಬಳಿದುಕೊಂಡು ಜಗಲಿಯ ಮೇಲೇ ಕೂತು, "ನಂದೇನಿದೆ, ಎಲ್ಲಾ ದೇವರ ದಯ" ಎನ್ನತೊಡಗಿದರು. ನಾನು ಕಿಟಕಿಯ ಹಿಂದೆ ನಿಂತು, ನನಗೆ ಬರಬೇಕಾದ ಆಶೀರ್ವಾದವೆಲ್ಲ ಎದುರುಮನೆಗೆ ಹೋಗುವುದನ್ನು ನೋಡುತ್ತಿದ್ದೆ. ಸಂಕಟವೋ ಸಂಕಟ. ಊಟ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಇಲವಾಲದಿಂದ ಸೊಪ್ಪು ಮಾರಲು ಬರುತ್ತಿದ್ದ ಮುದುಕಿ ಕುಕ್ಕೆ ಇಳಿಸಿ, ಕುಡಿದು, "ಮಡಗಿರೋ ಪುಣ್ಯಾತ್ಮನ ವಂಸ ತಣ್ಣಗಿರ್ಲಿ" ಎಂದಳು. ಪುಟ್ಟಸ್ವಾಮಯ್ಯನವರು ತಲೆಬಾಗಿ ಸ್ವೀಕರಿಸಿದರು. ಇನ್ನು ತಡೆಯಲಾಗಲಿಲ್ಲ. ಬರಿಗಾಲಲ್ಲಿ ಬೀದಿಗೆ ಓಡಿ, "ಮಡಗಿರೋನು ನಾನು ಕಣಮ್ಮ, ಅವರಲ್ಲ!" ಎಂದುಬಿಟ್ಟೆ. ಪುಟ್ಟಸ್ವಾಮಯ್ಯನವರು ಮರದ ಕಡೆ ನೋಡತೊಡಗಿದರು. ನನಗೆ ಎದೆಯ ಭಾರ ಇಳಿಯಿತು.

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವಾ ಬುದ್ದಿ? ಸಿಕ್ಬುಟ್ರಲ್ಲ ಸದ್ಯ! ಪಾಪ, ಆ ಯಜಮಾನ್ರಿಗೆ ಎಂಗೆ ಏಳೋದು ಅಂತ ಸುಮ್ಕಿದ್ದೆ. ಇದೇನು ಮಜ್ಜಿಗೆಯಾ? ಬರೀ ನೀರು ಕುಡ್ದಂಗದೆ. ಉಪ್ಪಿಲ್ಲ, ಉಳಿಯಿಲ್ಲ. ಯಾರು ಮಾಡಿದ್ದು?"

ಆ ಕ್ಷಣ ನನ್ನೊಳಗೆ ನಿಸ್ವಾರ್ಥ ಉಕ್ಕಿ ಬಂತು. "ನನ್ನದೇನಿದೆ ಅಜ್ಜಿ, ಮಾಡಿದ್ದೆಲ್ಲ ನಮ್ಮ ಮನೆಯವಳೇ" ಎಂದೆ. ಮದುವೆಯಾದ ಮೇಲೆ ಕೀರ್ತಿಯನ್ನು ಪೂರ್ತಿಯಾಗಿ ಸೀತಮ್ಮನಿಗೆ ಬಿಟ್ಟುಕೊಟ್ಟದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅವಳಿಗೆ ಅದೇಕೋ ಸಂತೋಷವಾಗಲಿಲ್ಲ.