ಹಜಾರದ ಗೋಡೆಯ ಕಮೋಡ್ ಸೀಟು

ಬೇರೆಯವರ ಮನೆಯ ಹಜಾರದಲ್ಲಿ ಯೇಸುವೋ, ಜಲಪಾತವೋ, ಮಕ್ಕಳು ಪದವಿ ಪಡೆದ ಫೋಟೋವೋ ತೂಗುತ್ತದೆ. ಟೊಲೀಡೊ ಊರಿನ ಲೆನರ್ಡ್ ವೊಯ್ಚಿಕ್‌ನ ಹಜಾರದಲ್ಲಿ ಎರಡು ವರ್ಷದಿಂದ ಒಂದು ಕಮೋಡ್ ಸೀಟು ತೂಗುತ್ತಿತ್ತು. ಬಣ್ಣ ತಿಳಿಗುಲಾಬಿ. ಮೇಲೊಂದು ಹಿತ್ತಾಳೆ ತಗಡು, ಅದರ ಮೇಲೆ ಸೋತವರ ಹೆಸರುಗಳು. ಕೊನೆಯ ಎರಡು ಸಾಲಿನಲ್ಲಿದ್ದದ್ದು ಲೆನರ್ಡನ ಹೆಸರೇ. (ಎರಡನೆಯ ಸಲ ಕೆತ್ತುವವನು ಕಾಗುಣಿತ ಕೇಳಲೇ ಇಲ್ಲ, ಅವನಿಗೆ ಬಾಯಿಪಾಠವಾಗಿತ್ತು.)

ಇದಕ್ಕೆಲ್ಲ ಮೂಲ ಫ್ಯಾಂಟಸಿ ಬೇಸ್‌ಬಾಲ್ ಎಂಬ ವ್ಯಸನ. ಹತ್ತು ಜನ ಗೆಳೆಯರು, ಒಬ್ಬೊಬ್ಬರಿಗೂ ಹೆಸರಿಗೊಂದು ತಂಡ. ಮಾರ್ಚ್ ತಿಂಗಳಲ್ಲಿ ನಿಜವಾದ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುವುದು. ಆಮೇಲೆ ಆ ಆಟಗಾರ ದೇಶದ ಯಾವ ಮೂಲೆಯಲ್ಲಿ ಚೆಂಡು ಹೊಡೆದರೂ ಅಂಕ ಇವರಿಗೆ. ಓಡುವವನು ಅವನು, ಏದುಸಿರು ಬಿಡುವವರು ಇವರು. ವಾರವಿಡೀ ಒಬ್ಬರ ಮೇಲೊಬ್ಬರ ಪಂದ್ಯ, ಸೋಮವಾರ ಫಲಿತಾಂಶ, ಸೋಮವಾರದಿಂದ ಭಾನುವಾರದವರೆಗೆ ಗೇಲಿ. ಸೆಪ್ಟೆಂಬರ್ ಕೊನೆಗೆ ಹತ್ತನೆಯ ಸ್ಥಾನದಲ್ಲಿ ನಿಂತವನು ಆ ಸೀಟನ್ನು ಒಂದು ವರ್ಷ ಮನೆಯ ಗೋಡೆಗೆ ತೂಗುಹಾಕಬೇಕು. ಯಾವ ಗೋಡೆ ಎಂದು ಹೇಳುವ ಅಧಿಕಾರ ಚಾಂಪಿಯನ್ನನದು. ಎರಡು ವರ್ಷವೂ ಚಾಂಪಿಯನ್ ಆದವನು ಮಾಂಸದಂಗಡಿಯ ಗಸ್. ಅವನು ಹುಡುಕಿ ಹುಡುಕಿ ತೋರಿಸಿದ್ದು, ಲೆನರ್ಡನ ಅತ್ತೆ ವಾಂಡಾ ಅವರ ಫೋಟೋ ಇದ್ದ ಜಾಗವನ್ನು. ಅಂದಿನಿಂದ ಅತ್ತೆ ಕಂಬಳಿ ಕಪಾಟಿನಲ್ಲಿದ್ದರು.

ಹೆಂಡತಿ ಮಾರ್ಲೀನ್ ಇಪ್ಪತ್ತೇಳು ವರ್ಷದಿಂದ ಶಾಲೆಯ ಕಚೇರಿಯಲ್ಲಿ ಹಾಜರಿ ನೋಡಿಕೊಳ್ಳುವವಳು. ಸುಳ್ಳು ಹೊಟ್ಟೆನೋವಿನ ಒಂದು ಚೀಟಿಯೂ ಅವಳ ಕಣ್ಣು ತಪ್ಪಿಸಿ ದಾಟಿದ್ದಿಲ್ಲ.

"ಅಕ್ಟೋಬರ್‌ನಲ್ಲಿ ಅಮ್ಮನಿಗೆ ಎಂಬತ್ತು ತುಂಬುತ್ತೆ. ಊಟ ಈ ಹಜಾರದಲ್ಲೇ. ಅಷ್ಟೊತ್ತಿಗೆ ಅಮ್ಮನ ಫೋಟೋ ಅದರ ಜಾಗದಲ್ಲಿರ್ಬೇಕು," ಎಂದು ಮಾರ್ಚ್ ಶುರುವಿನಲ್ಲೇ ಹೇಳಿದಳು.

"ಇರುತ್ತೆ ಕಣೆ."

"ಹೋದ ವರ್ಷನೂ ಇದನ್ನೇ ಹೇಳಿದ್ದೆ. ಈ ಸಲ ಆ ಸೀಟು ಮತ್ತೆ ಮನೆ ಒಳಗೆ ಬಂತೋ, ಅದರಲ್ಲಿ ನಿನ್ನನ್ನೇ ತೂಗುಹಾಕ್ತೀನಿ."

ಅಷ್ಟರಲ್ಲಿ ಹತ್ತು ಜನರಲ್ಲೊಬ್ಬ ಮನೆ ಮಾರಿ ಫ್ಲಾರಿಡಾಕ್ಕೆ ಹೊರಟುಹೋದ. ಲೀಗಿನ ಅಧ್ಯಕ್ಷ ಡ್ವೇಯ್ನ್, ವೃತ್ತಿಯಿಂದ ಅಂಚೆಯವನು, ಖಾಲಿ ಜಾಗಕ್ಕೆ ಯಾರಾದರೂ ಇದ್ದರೆ ಹೇಳಿ ಎಂದ. ಲೆನರ್ಡನ ತಲೆಯಲ್ಲಿ ಜ್ಞಾನೋದಯವಾಯಿತು. ಆಟದ ತಲೆಬುಡ ತಿಳಿಯದವರು ಯಾರಾದರೂ ಸೇರಿದರೆ ಹತ್ತನೆಯ ಸ್ಥಾನ ಅವರದೇ, ತಾನು ಪಾರು. ಅಂಥವರು ಬೇರೆಲ್ಲೂ ಇಲ್ಲ, ಅಡುಗೆಮನೆಯಲ್ಲೇ ಇದ್ದಾಳೆ.

"ನನಗೆ ಆ ಆಟದ ಗಂಧಗಾಳಿ ಇಲ್ಲ," ಎಂದಳು ಮಾರ್ಲೀನ್.

"ಅದಕ್ಕೇ..." ಲೆನರ್ಡ್ ಮಾತು ತಿರುಗಿಸಿದ. "ಅದಕ್ಕೇ ಕಲಿ ಅಂತ. ನಾವಿಬ್ರೂ ಒಟ್ಟಿಗೆ ಕೂತು ಮಾಡೋದು ಏನಿದೆ ಈಗ?"

ಆಟಗಾರರನ್ನು ಆರಿಸುವ ದಿನ ಎಲ್ಲರೂ ಗಸ್‌ನ ನೆಲಮಾಳಿಗೆಯಲ್ಲಿ ಸೇರಿದರು. ಉಳಿದವರು ಸಂಶೋಧನಾ ಪ್ರಬಂಧಗಳನ್ನು ಹರಡಿಕೊಂಡು ಕೂತಿದ್ದರೆ, ಮಾರ್ಲೀನ್ ಹೆಸರು ಹೆಸರಿಗೂ ಒಂದೇ ಪ್ರಶ್ನೆ ಕೇಳಿದಳು.

"ಈತ ಹೋದ ವರ್ಷ ಎಷ್ಟು ದಿನ ಬಂದಿದ್ದ?"

"ಎಲ್ಲಿಗೆ?" ಎಂದ ಡ್ವೇಯ್ನ್.

"ಕೆಲಸಕ್ಕೆ."

"ನೂರ ಅರವತ್ತೆರಡು ಆಟದಲ್ಲಿ ನೂರ ಅರವತ್ತಕ್ಕೆ."

"ಆ ಎರಡು ದಿನ ಏನಾಗಿತ್ತು?"

"ಮಗು ಹುಟ್ಟಿತ್ತು."

"ಸರಿ, ಕಾರಣ ಇದೆ. ಈತ ನನಗಿರ್ಲಿ."

ಲೆನರ್ಡ್ ಮೀಸೆಯಲ್ಲೇ ನಕ್ಕ. ಅವನು ಆರಿಸಿದವರೆಲ್ಲ ಮಹಾರಥರು. ಅವರು ಹೊಡೆದ ಚೆಂಡು ಪಕ್ಕದ ಜಿಲ್ಲೆಗೆ ಹೋಗಿ ಬೀಳುತ್ತಿತ್ತು. ಹೊಡೆಯದ ದಿನಗಳಲ್ಲಿ ಅವರು ಆಸ್ಪತ್ರೆಯಲ್ಲಿರುತ್ತಿದ್ದರು.

ಏಪ್ರಿಲ್‌ನಲ್ಲಿ ಚಳಿಗೋ ಏನೋ, ಮಾರ್ಲೀನಳ ಹುಡುಗರು ದಿನವೂ ಬಂದರು, ದಿನವೂ ಬರಿಗೈಲಿ ಹೋದರು. ಮೇ ತಿಂಗಳ ಮೊದಲ ಸೋಮವಾರ ನೋಡಿದರೆ ಅವಳು ಹತ್ತನೆಯವಳು, ಲೆನರ್ಡ್ ಒಂಬತ್ತನೆಯವನು. ಅವನು ಸಿಳ್ಳೆ ಹಾಕುತ್ತ ಗಸ್‌ನ ಅಂಗಡಿಗೆ ಸಾಸೇಜ್ ತರಲು ಹೋದ.

"ಒಂಬತ್ತನೇ ಸ್ಥಾನಕ್ಕೆ ಇಷ್ಟೊಂದು ಖುಷಿನೇನೋ?" ಎಂದ ಗಸ್.

"ಹತ್ತನೇದು ಮಾರ್ಲೀನ್ ಕಣೋ. ಈ ವರ್ಷ ಸೀಟು ಅವಳ ಕೊರಳಿಗೆ."

ಗಸ್ ಸಾಸೇಜನ್ನು ತಕ್ಕಡಿಗೆ ಹಾಕಿ ಕೈ ಒರೆಸಿಕೊಂಡ. "ಮಾರ್ಲೀನ್ ಈಗ ಎಲ್ಲಿರ್ತಾಳೆ?"

"ಎಲ್ಲಿ ಅಂದ್ರೆ? ಮನೇಲಿ."

"ಯಾರ ಮನೇಲಿ?"

ಉತ್ತರಿಸಲು ಲೆನರ್ಡ್ ಬಾಯಿ ತೆರೆದ. ತಕ್ಕಡಿಯ ಮುಳ್ಳು ಅಲುಗಾಡಿ ಅಲುಗಾಡಿ ನಿಂತಿತು, ಅವನ ಬಾಯಿ ಮಾತ್ರ ಮುಚ್ಚಲಿಲ್ಲ.

"ನಿನಗೆ ಯಾವಾಗ ಹೊಳೆಯುತ್ತೋ ಅಂತ ಮಾರ್ಚಿಂದ ಎಲ್ಲರೂ ಕಾಯ್ತಿದ್ವಿ," ಎಂದ ಗಸ್. "ಡ್ವೇಯ್ನ್ ಜುಲೈ ಅಂದಿದ್ದ. ಪಾಪ, ನಿನ್ನನ್ನ ಕಮ್ಮಿ ಅಂದಾಜು ಮಾಡಿದ್ದ."

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಲೋಕರೂಢಿ. ಹೆಂಡತಿಯನ್ನೂ ಕೈಹಿಡಿದು ಇಳಿಸಿಕೊಂಡ ಕೀರ್ತಿ ಲೆನರ್ಡ್‌ಗೆ ಸಂದಿತು. ಈಗ ಹತ್ತು ತಂಡದಲ್ಲಿ ಎರಡು ಒಂದೇ ಸೂರಿನಡಿ, ಎರಡರಲ್ಲಿ ಯಾವುದು ಮುಳುಗಿದರೂ ಸೀಟು ಅದೇ ಗೋಡೆಗೆ. ಅವಳನ್ನು ಮೇಲೆತ್ತದೆ ಗತಿಯಿರಲಿಲ್ಲ. ತನ್ನ ತಂಡದ ಒಂದೇ ಒಂದು ರತ್ನವಾಗಿದ್ದ ಎಡಗೈ ಎಸೆತಗಾರನನ್ನು ಅವಳಿಗೆ ಕೊಟ್ಟು, ಬದಲಿಗೆ ಅವಳ ಒಬ್ಬ ಮುದಿ ಆಟಗಾರನನ್ನು ಕೇಳಿದ.

"ಇಂಥವನನ್ನ ಯಾಕೆ ಕೊಡ್ತಿದ್ದೀಯ?" ಎಂದಳು ಅವಳು.

"ಪ್ರೀತಿಯಿಂದ."

"ಪ್ರೀತಿ ಇದ್ರೆ ಗ್ಯಾರೇಜು ಗುಡಿಸು. ಈತ ದಿನಾ ಬರ್ತಾನಾ?"

"ಎಸೆತಗಾರರು ಐದು ದಿನಕ್ಕೊಂದ್ಸಲ ಬರೋದು ಕಣೆ."

"ನಮ್ಮ ಶಾಲೇಲಾಗಿದ್ರೆ ಹೆಸರು ತೆಗೀತಿದ್ವಿ," ಎಂದು ಗೊಣಗಿ ಒಪ್ಪಿಕೊಂಡಳು.

ಗೆಳೆಯರು ಸುಮ್ಮನಿರುತ್ತಾರೆಯೇ? ಡ್ವೇಯ್ನ್‌ನ ಮನೆಯ ಹಿಂದಿನ ಜಗಲಿಯಲ್ಲಿ ವಿಚಾರಣೆ ನಡೆಯಿತು. ಗಾಂಭೀರ್ಯಕ್ಕೆಂದು ಅವನು ಅಂಚೆ ಇಲಾಖೆಯ ಅಂಗಿಯನ್ನು ಕಳಚಿರಲಿಲ್ಲ. ಆಪಾದನೆ: ಗಂಡ ಹೆಂಡತಿ ಸೇರಿ ಒಳಸಂಚು.

"ಒಳಸಂಚು ಮಾಡೋಕೆ ಇಬ್ಬರ ಮಾತು ಒಂದಾಗ್ಬೇಕು ಡ್ವೇಯ್ನ್," ಎಂದಳು ಮಾರ್ಲೀನ್. "ಮೂವತ್ತೊಂದು ವರ್ಷದಲ್ಲಿ ನಾವು ಸ್ನಾನದ ಟವೆಲ್ ಬಣ್ಣಕ್ಕೂ ಒಪ್ಪಿಲ್ಲ."

"ನೀಲಿ ಚೆನ್ನಾಗಿತ್ತು," ಎಂದ ಲೆನರ್ಡ್.

"ನೀಲಿ ಬಣ್ಣ ಬಿಡ್ತಿತ್ತು."

"ಬಿಡ್ತಿರ್ಲಿಲ್ಲ. ನೀನು ಬಿಸಿನೀರಲ್ಲಿ ಹಾಕಿದ್ದೆ."

ಹನ್ನೆರಡು ನಿಮಿಷದ ನಂತರ ನ್ಯಾಯಪೀಠ ಇದನ್ನೇ ಸಾಕ್ಷ್ಯವೆಂದು ಪರಿಗಣಿಸಿ ಆಪಾದನೆಯನ್ನು ವಜಾ ಮಾಡಿತು.

ಜೂನ್ ಬಂತು, ಬಿಸಿಲೇರಿತು. ಊರೂರಿನ ಮಹಾರಥರು ತೊಡೆ ಹಿಡಿದುಕೊಂಡು, ಮೊಣಕೈ ಹಿಡಿದುಕೊಂಡು ಉರುಳತೊಡಗಿದರು. ಒಬ್ಬನಂತೂ ಸೀನಿ ಸೊಂಟ ಉಳುಕಿಸಿಕೊಂಡ. (ಅವನು ಲೆನರ್ಡನವನು.) ಮಾರ್ಲೀನಳ ಹುಡುಗರು ಮಾತ್ರ ಊಟದ ಡಬ್ಬಿ ಹಿಡಿದ ಗುಮಾಸ್ತರ ಹಾಗೆ ದಿನವೂ ಬಂದರು, ದಿನವೂ ಎರಡೆರಡು ಅಂಕ ದುಡಿದರು. ಆಗಸ್ಟ್‌ಗೆ ಅವಳು ಮೂರನೆಯವಳು. ಸೆಪ್ಟೆಂಬರ್ ಕೊನೆಯ ವಾರಕ್ಕೆ ಗಸ್‌ಗಿಂತ ಒಂದೇ ಹೆಜ್ಜೆ ಮುಂದೆ. ರತ್ನ ದಾನ ಮಾಡಿದ ಲೆನರ್ಡ್ ಹತ್ತನೆಯವನು.

ಆ ಕೊನೆಯ ವಾರದ ಪಂದ್ಯ ಗಂಡನಿಗೂ ಹೆಂಡತಿಗೂ. ಅವನು ಗೆದ್ದರೆ ಒಂಬತ್ತಕ್ಕೇರಿ ಗೋಡೆ ಉಳಿಸುತ್ತಾನೆ. ಅವಳು ಗೆದ್ದರೆ ಅವಳು ಚಾಂಪಿಯನ್, ಅವನಿಗೆ ಸೀಟು.

"ಭಾನುವಾರ ನಿನ್ನ ಆಟಗಾರರಲ್ಲಿ ಇಬ್ಬರನ್ನ ಹೊರಗೆ ಕೂರಿಸಿಬಿಡೆ," ಎಂದು ಅಂಗಲಾಚಿದ. "ಅಮ್ಮನ ಫೋಟೋಗೋಸ್ಕರ."

"ಬಂದವರನ್ನ ಬಂದಿಲ್ಲ ಅಂತ ಬರೆಯೋದಾ? ಆ ಪಾಪ ನನ್ನ ಕೈಲಾಗಲ್ಲ. ಅಲ್ದೆ ಅದು ಒಳಸಂಚಾಗುತ್ತೆ."

ಭಾನುವಾರ ಬೆಳಗ್ಗೆ ಲೆನರ್ಡ್ ನಾಲ್ಕು ಅಂಕ ಮುಂದಿದ್ದ. ಆ ಸಂತೋಷದಲ್ಲಿ, ಅತ್ತೆಯ ಊಟಕ್ಕೆಂದು ಹಜಾರದ ಗೋಡೆಗೆ ಬಣ್ಣ ಹೊಡೆಯಲು ಏಣಿ ಹತ್ತಿದ. ಆಟ ಶುರುವಾಗುವುದು ಒಂದು ಗಂಟೆಗೆ, ಆಮೇಲೆ ತಂಡದಲ್ಲಿ ಒಬ್ಬನನ್ನೂ ಬದಲಿಸುವಂತಿಲ್ಲ. ಒಂದೂ ಹತ್ತಕ್ಕೆ ಮಾರ್ಲೀನ್ ಕೆಳಗಿನಿಂದ ಕಾಫಿ ಚಾಚಿದಳು.

"ನಿನ್ನ ಆ ದೊಡ್ಡ ಹೊಡೆತದವನು ಇವತ್ತು ಗೈರು. ನಿನ್ನೆ ಸಂಜೆನೇ ಕುಂಟ್ಕೊಂಡು ಹೋದ. ನೋಡ್ಲಿಲ್ವಾ?"

ಬ್ರಷ್ ಕೈಜಾರಿತು. "ಮೊದಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ಒಳಸಂಚು."

ಲೆನರ್ಡ್ ಎರಡು ಅಂಕದಿಂದ ಸೋತ. ಮುಂದಿನ ಶನಿವಾರ ಡ್ವೇಯ್ನ್ ತಾನೇ ಒಯ್ದು ಹೊಸ ಸಾಲು ಕೆತ್ತಿಸಿದ ಸೀಟನ್ನು ಎರಡೂ ಕೈಯಲ್ಲಿ ಹೊತ್ತು ವಾಪಸು ತಂದ. ಗೋಡೆ ಆರಿಸುವವಳು ತನ್ನ ಹೆಂಡತಿಯೇ ಎಂಬುದು ಲೆನರ್ಡ್‌ಗೆ ಆಗ ನೆನಪಾಗಿ ಜೀವ ಬಂತು. "ಗ್ಯಾರೇಜು ಅಂದುಬಿಡು ಕಣೆ," ಎಂದು ಪಿಸುಗುಟ್ಟಿದ.

"ಅಮ್ಮನ ಫೋಟೋ ಅದರ ಜಾಗಕ್ಕೆ," ಎಂದಳು ಚಾಂಪಿಯನ್. "ಸೀಟು ಅದರ ಪಕ್ಕಕ್ಕೆ." ಚೀಲದಿಂದ ಅವಳು ತೆಗೆದದ್ದು ಲೆನರ್ಡ್ ಮೀನು ಹಿಡಿದು ಬಾಯಿ ತೆರೆದು ನಿಂತ ಫೋಟೋ. ಸೀಟಿನ ನಡುವೆ ಇಟ್ಟರೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. "ಮಾರ್ಚಲ್ಲೇ ಹೇಳಿದ್ದೆ. ಆಗಸ್ಟಲ್ಲಿ ಅಳತೆ ಕೊಟ್ಟು ಮಾಡಿಸ್ದೆ."

ಎಂಬತ್ತರ ಊಟದ ದಿನ ವಾಂಡಾ ಕುರ್ಚಿಯಲ್ಲಿ ಕೂತು ಕನ್ನಡಕ ಏರಿಸಿ ಗೋಡೆಯನ್ನು ಬಹಳ ಹೊತ್ತು ನೋಡಿದರು. ಮೂವತ್ತು ಜನರ ಕೈಯಲ್ಲಿ ಪಿಯೆರೋಗಿ ಕಡುಬು ಅರ್ಧ ದಾರಿಯಲ್ಲಿ ನಿಂತಿತು. ಲೆನರ್ಡ್‌ಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಅಳಿಯನಿಗೆ ಅಷ್ಟು ಚೆಂದದ ಗುಲಾಬಿ ಚೌಕಟ್ಟು," ಎಂದರು ವಾಂಡಾ. "ಹೆತ್ತ ತಾಯಿಗೆ ಈ ಕರೀ ಮರ. ಸತ್ತೋರಿಗೆ ಹಾಕೋ ಹಾಗೆ. ನನಗೂ ಒಂದು ಆಸೆ ಇರಲ್ವಾ ಮಾರ್ಲೀನ್?"

ಯಾರಿಗೂ ವಿವರಿಸುವ ಧೈರ್ಯ ಬರಲಿಲ್ಲ. ಕೇಕ್ ಕತ್ತರಿಸುವ ಮೊದಲೇ ಸೀಟಿನೊಳಗಿಂದ ಫೋಟೋದ ಲೆನರ್ಡ್ ಹೊರಗೆ ಬಂದ, ಫೋಟೋದ ಅತ್ತೆ ಒಳಗೆ ಹೋದರು. ಅಂದಿನಿಂದ ಪ್ರತಿ ಭಾನುವಾರ ಅವರು ಬಂದು ಅದರೆದುರು ಕೂತು ಕಾಫಿ ಕುಡಿಯತೊಡಗಿದರು.

"ಅಮ್ಮ ಇರೋವರೆಗೂ ಆ ಸೀಟು ಈ ಗೋಡೆ ಬಿಟ್ಟು ಹೋಗ್ಬಾರ್ದು," ಎಂದಳು ಮಾರ್ಲೀನ್. "ಅದು ಕಡೇ ಸ್ಥಾನದವರ ಮನೇಲೇ ಇರ್ಬೇಕಲ್ವಾ? ನನಗೆ ಸೋಲೋಕೆ ಬರಲ್ಲ. ನೀನೇ ನೋಡ್ಕೋ."

ಸೋಲುವುದು ಲೆನರ್ಡ್‌ಗೆ ಕಲಿಸಿಕೊಡಬೇಕಾದ ವಿದ್ಯೆಯೇ? ಮರುವರ್ಷ ಅವನು ಹುಡುಕಿ ಹುಡುಕಿ ಕುಂಟರನ್ನು, ಮುದುಕರನ್ನು, ಹೋದ ವರ್ಷ ಸೀನಿ ಬಿದ್ದವನನ್ನು ಆರಿಸಿಕೊಂಡ. ಮೇ ತಿಂಗಳ ಮೊದಲ ಸೋಮವಾರ ಗಸ್ ಫೋನ್ ಮಾಡಿದ. "ಅಭಿನಂದನೆ ಮಾರಾಯ. ಮೊದಲನೇ ಸ್ಥಾನ."

ಫೋನ್ ಇಟ್ಟು ಲೆನರ್ಡ್ ತಲೆಯೆತ್ತಿ ನೋಡಿದ. ಕಮೋಡ್ ಸೀಟಿನೊಳಗಿಂದ ಅತ್ತೆ ಅವನನ್ನೇ ನೋಡುತ್ತಿದ್ದರು.